ಪುಕ್ಕಟೆ ಆಟದ ಜಾಗ ಹುಡುಕುವವರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್: ಸಣ್ಣ ಊರಿನ ಮಟ್ಟಿಗೆ ಒಂದು ವಿಮರ್ಶೆ

ಸಣ್ಣ ಊರಿನಲ್ಲಿ ಮಕ್ಕಳನ್ನು ಆಡಿಸಲು ಜಾಗವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಾಗ ಇದೆ. ಅದು ಇದೆ ಎಂಬ ಸಂಗತಿ ಅಕ್ಕಪಕ್ಕದ ಎರಡು ಮೂರು ಬೀದಿಯವರಿಗೆ ಬಿಟ್ಟರೆ ಬೇರೆಯವರಿಗೆ ತಿಳಿದಿರುವುದಿಲ್ಲ. ನೀರಿನ ಟ್ಯಾಂಕಿನ ಹಿಂದೆ ಒಂದು ಜಾರುಬಂಡೆ, ಗ್ರಂಥಾಲಯದ ಪಕ್ಕದಲ್ಲಿ ಎರಡು ಉಯ್ಯಾಲೆ, ಹೊಸ ಬಡಾವಣೆಯ ತುದಿಯಲ್ಲಿ ಬೇಲಿ ಹಾಕಿದ ಒಂದು ಮೂಲೆ. ಇವುಗಳಿಗೆ ಹೆಸರಿರುವುದಿಲ್ಲ, ನಾಮಫಲಕವಿರುವುದಿಲ್ಲ, ಅಂತರ್ಜಾಲದಲ್ಲಿ ಒಂದು ಫೋಟೊ ಕೂಡ ಸಿಗುವುದಿಲ್ಲ. ದೊಡ್ಡ ನಗರದ ಹೆಸರಾಂತ ಉದ್ಯಾನಕ್ಕೆ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಇವನ್ನು ನಾವೇ ಹುಡುಕಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ, ಮೂರು ವರ್ಷದ ಮಗನಿದ್ದಾನೆ, ಮೊಣಕಾಲು ನೋವಿದ್ದರೂ ಮೊಮ್ಮಕ್ಕಳನ್ನು ಬಿಟ್ಟಿರಲಾರದ ಅತ್ತೆ ಇದ್ದಾರೆ. ಈ ಮೂವರಿಗೂ ಹೊಂದುವ, ದುಡ್ಡು ಕೊಡಬೇಕಾಗಿಲ್ಲದ ಜಾಗವನ್ನು ಹುಡುಕುವುದು ರಜೆ ಬಂದಾಗಲೆಲ್ಲ ನನ್ನ ಪಾಲಿನ ಕೆಲಸ. ಇದಕ್ಕೆ ನಾನು ನೆಚ್ಚಿಕೊಂಡಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಮತ್ತು ಅದರ ಮೇಲೆ ನಿಂತಿರುವ ಕೆಲವು ಆ್ಯಪ್‌ಗಳನ್ನು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಪುಕ್ಕಟೆ ಆಟದ ಜಾಗ ಹುಡುಕುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ನೋಡಿಲ್ಲ. ಆದರೆ ಸಣ್ಣ ಊರಿನವರು ಇದನ್ನು ನೋಡುವುದರ ಜೊತೆಗೆ ತುಂಬಿಸುವುದಕ್ಕೂ ಕೈ ಹಾಕಬೇಕು. ಹಾಗೆ ಮಾಡದಿದ್ದರೆ ಅರ್ಧ ಪ್ರಯೋಜನ ಮಾತ್ರ ಸಿಗುತ್ತದೆ.

ಸಾಮಾನ್ಯವಾಗಿ ಎಲ್ಲರ ಫೋನಿನಲ್ಲೂ ಇರುವ ನಕ್ಷೆಯ ಆ್ಯಪ್‌ಗಳಲ್ಲಿ ಆಟದ ಜಾಗ ಎಂದು ಹುಡುಕಿದರೆ ಏನಾಗುತ್ತದೆ ಎಂಬುದನ್ನು ಗಮನಿಸಿ. ಗಂಟೆಗಿಷ್ಟು ಎಂದು ಹಣ ಪಡೆಯುವ ಒಳಾಂಗಣ ಆಟದ ಕೇಂದ್ರಗಳು ಮೊದಲು ಬರುತ್ತವೆ. ಆಮೇಲೆ ಶಿಶುವಿಹಾರಗಳು, ಆಟಿಕೆ ಅಂಗಡಿ, ಕ್ರಿಕೆಟ್ ತರಬೇತಿ ಶಿಬಿರ. ಇದರಲ್ಲಿ ಮೋಸವೇನೂ ಇಲ್ಲ. ವ್ಯಾಪಾರ ಮಾಡುವವರು ತಮ್ಮ ಜಾಗವನ್ನು ತಾವೇ ನಕ್ಷೆಗೆ ಸೇರಿಸಿ, ಫೋಟೊ ಹಾಕಿ, ಸಮಯ ಬರೆದು, ಗಿರಾಕಿಗಳಿಂದ ನಕ್ಷತ್ರ ಹಾಕಿಸಿಕೊಳ್ಳುತ್ತಾರೆ. ನೀರಿನ ಟ್ಯಾಂಕಿನ ಹಿಂದಿನ ಜಾರುಬಂಡೆಗೆ ಆ ಕೆಲಸ ಮಾಡುವ ಮಾಲೀಕ ಯಾರಿದ್ದಾರೆ? ಪುಕ್ಕಟೆಯಾಗಿರುವುದಕ್ಕೆ ಜಾಹೀರಾತು ಇರುವುದಿಲ್ಲ. ಹುಡುಕಾಟದ ಮೊದಲ ಪುಟಗಳಲ್ಲಿ ಅದು ಕಾಣದಿರುವುದಕ್ಕೆ ಇರುವ ದೊಡ್ಡ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ.

ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆಯಾಗುವುದು ಇಲ್ಲಿ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬುವವರು ಆರಂಭಿಸಿದ ಈ ನಕ್ಷೆಯನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ತುಂಬಿಸುತ್ತಾ ಬಂದಿದ್ದಾರೆ. ಇದರ ಮಾಹಿತಿಯನ್ನು, ಮೂಲವನ್ನು ಹೆಸರಿಸಿ ಪರವಾನಗಿಯ ನಿಯಮಗಳಿಗೆ ಒಳಪಟ್ಟು, ಯಾರು ಬೇಕಾದರೂ ಬಳಸಬಹುದು. ಅಂಗಡಿಗೆ ಎಷ್ಟು ಬೆಲೆಯೋ ಬೀದಿಯ ಕಲ್ಲುಬೆಂಚಿಗೂ ಇಲ್ಲಿ ಅಷ್ಟೇ ಬೆಲೆ. ಕುಡಿಯುವ ನೀರಿನ ನಲ್ಲಿ, ಸಾರ್ವಜನಿಕ ಶೌಚಾಲಯ, ಒಂಟಿ ಮರ, ಎಲ್ಲಕ್ಕೂ ಜಾಗವಿದೆ. ಯಾರೋ ಒಬ್ಬರು ನಡೆದು ಹೋಗಿ ಕಂಡಿದ್ದರೆ, ಕಂಡದ್ದನ್ನು ಬರೆದಿದ್ದರೆ ಸಾಕು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ವಿಂಗಡಣೆ. ಈ ನಕ್ಷೆಯಲ್ಲಿ ಉದ್ಯಾನ ಬೇರೆ, ಕ್ರೀಡೆಯ ಮೈದಾನ ಬೇರೆ, ದೊಡ್ಡವರು ವ್ಯಾಯಾಮ ಮಾಡುವ ಬಯಲು ಜಿಮ್ ಬೇರೆ, ಮಕ್ಕಳ ಆಟದ ಜಾಗ ಬೇರೆ. ಇದು ಸಣ್ಣ ವಿಷಯವಲ್ಲ. ಉದ್ಯಾನ ಎಂದು ನಂಬಿ ಹೋದರೆ ನಡಿಗೆಯ ದಾರಿ, ಒಂದು ಕಾರಂಜಿ, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಫಲಕ ಮಾತ್ರ ಇರಬಹುದು. ಬಯಲು ಜಿಮ್‌ನ ಉಪಕರಣಗಳು ಬಣ್ಣಬಣ್ಣವಾಗಿ ಮಕ್ಕಳನ್ನು ಸೆಳೆಯುತ್ತವೆ, ಆದರೆ ಅವುಗಳ ಕೀಲುಗಳನ್ನು ಪುಟ್ಟ ಬೆರಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುವುದಿಲ್ಲ. ಮೂರು ವರ್ಷದವನನ್ನು ಅಲ್ಲಿಗೆ ಕರೆದೊಯ್ದರೆ ಆಡಿಸುವುದಕ್ಕಿಂತ ತಡೆಯುವುದರಲ್ಲೇ ಸಂಜೆ ಕಳೆಯುತ್ತದೆ.

ಆಟದ ಜಾಗ ಎಂದು ಗುರುತಿಸಿದ ಮೇಲೆ ಅದಕ್ಕೆ ಇನ್ನಷ್ಟು ವಿವರ ಸೇರಿಸಲು ಅವಕಾಶವಿದೆ. ಪ್ರವೇಶ ಎಲ್ಲರಿಗೂ ಇದೆಯೇ, ಶುಲ್ಕವಿದೆಯೇ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಯಾವ ವಯಸ್ಸಿನವರಿಗೆ, ದೀಪಗಳಿವೆಯೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂಬುದನ್ನೆಲ್ಲ ದಾಖಲಿಸಬಹುದು. ಉಯ್ಯಾಲೆ, ಜಾರುಬಂಡೆ, ಸೀಸಾ, ಮರಳಿನ ಗುಂಡಿ, ತಿರುಗುವ ಚಕ್ರ, ಹತ್ತಿ ಇಳಿಯುವ ಕಂಬಿಗಳು, ಹೀಗೆ ಒಂದೊಂದನ್ನೂ ಪ್ರತ್ಯೇಕವಾಗಿ ಗುರುತಿಸಬಹುದು. ಶುಲ್ಕ ಮತ್ತು ಪ್ರವೇಶ ಎರಡನ್ನೂ ಬೇರೆ ಬೇರೆ ಪ್ರಶ್ನೆಗಳಾಗಿ ಇಟ್ಟಿರುವುದು ನನಗೆ ತುಂಬಾ ಸರಿ ಎನಿಸುತ್ತದೆ. ಶುಲ್ಕವಿಲ್ಲ ಎಂದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗಬಹುದು ಎಂದಾಗುವುದಿಲ್ಲ. ವಸತಿ ಸಮುಚ್ಚಯದ ಒಳಗಿನ ಆಟದ ಜಾಗಕ್ಕೆ ಶುಲ್ಕವಿರುವುದಿಲ್ಲ, ಆದರೆ ಗೇಟಿನಲ್ಲಿ ಕಾವಲುಗಾರ ತಡೆಯುತ್ತಾನೆ. ಹೋಟೆಲಿನ ಹಿತ್ತಲಲ್ಲಿ ಇರುವ ಉಯ್ಯಾಲೆಗೂ ಶುಲ್ಕವಿಲ್ಲ, ಆದರೆ ಅದು ಅಲ್ಲಿ ಉಣ್ಣುವವರಿಗೆ ಮಾತ್ರ. ಸರಿಯಾಗಿ ತುಂಬಿಸಿದ ನಕ್ಷೆಯಲ್ಲಿ ಮೊದಲನೆಯದು ಖಾಸಗಿ ಎಂದೂ ಎರಡನೆಯದು ಗಿರಾಕಿಗಳಿಗೆ ಎಂದೂ ಇರುತ್ತದೆ. ಮಕ್ಕಳು ಗೇಟಿನ ಸರಳು ಹಿಡಿದುಕೊಂಡು ಒಳಗೆ ಆಡುವವರನ್ನು ನೋಡುತ್ತಾ ನಿಲ್ಲುವುದನ್ನು ಕಂಡ ಯಾವ ತಾಯಿಗೂ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ.

ಬಳಸುವ ಬಗೆ ಹೇಳುತ್ತೇನೆ. ದಿನನಿತ್ಯಕ್ಕೆ ನಾನು ಆರ್ಗ್ಯಾನಿಕ್ ಮ್ಯಾಪ್ಸ್ ಇಟ್ಟುಕೊಂಡಿದ್ದೇನೆ. 2021ರಲ್ಲಿ ಬಂದ ಈ ಆ್ಯಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನೇ ಬಳಸುತ್ತದೆ. ಜಾಹೀರಾತಿಲ್ಲ, ನಾವು ಎಲ್ಲಿ ಓಡಾಡುತ್ತೇವೆ ಎಂದು ಬೆನ್ನು ಹತ್ತುವುದಿಲ್ಲ, ಒಂದು ಸಲ ಆ ಪ್ರದೇಶದ ನಕ್ಷೆಯನ್ನು ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಊರಿನ ಹೊರಗೆ ಕೆರೆಯ ಪಕ್ಕದಲ್ಲೋ ಗುಡ್ಡದ ಬುಡದಲ್ಲೋ ಇರುವ ಜಾಗಗಳಿಗೆ ಹೋಗುವಾಗ ಸಿಗ್ನಲ್ ಕೈಕೊಡುತ್ತದೆ. ಅಲ್ಲಿ ಈ ಗುಣ ಕೈಹಿಡಿಯುತ್ತದೆ. ಹುಡುಕುವ ಚೌಕದಲ್ಲಿ ಇಂಗ್ಲಿಷ್‌ನಲ್ಲಿ ಪ್ಲೇಗ್ರೌಂಡ್ ಎಂದು ಬರೆದರೆ ದೂರದ ಕ್ರಮದಲ್ಲಿ ಪಟ್ಟಿ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ ನಾನು ನಕ್ಷೆಯನ್ನು ಹಿಗ್ಗಿಸಿ ಸುತ್ತಮುತ್ತ ನೋಡುತ್ತೇನೆ. ಶೌಚಾಲಯದ ಗುರುತು ಹತ್ತಿರದಲ್ಲಿದೆಯೇ, ನಲ್ಲಿ ಇದೆಯೇ, ಜಾಗಕ್ಕೂ ವಾಹನ ಓಡುವ ರಸ್ತೆಗೂ ನಡುವೆ ಬೇಲಿಯ ಗೆರೆ ಎಳೆದಿದೆಯೇ, ನಡೆದು ಹೋಗುವ ಕಾಲುದಾರಿ ಯಾವ ಕಡೆಯಿಂದ ಒಳಹೋಗುತ್ತದೆ? ಚಿಕ್ಕ ಮಕ್ಕಳಿರುವವರಿಗೆ ಉಯ್ಯಾಲೆಗಿಂತ ಶೌಚಾಲಯ ಮೊದಲು ಎಂಬುದು ನನ್ನ ಖಚಿತ ನಿಲುವು. ಮೂರು ವರ್ಷದವನಿಗೆ ಅವಸರವಾದಾಗ ಅತಿ ಚೆಂದದ ಆಟದ ಜಾಗವೂ ಪ್ರಯೋಜನಕ್ಕೆ ಬರುವುದಿಲ್ಲ.

ಹೆಚ್ಚು ವಿವರ ಬೇಕೆನ್ನುವವರಿಗೆ ಓಸ್ಮ್ಯಾಂಡ್ ಎಂಬ ಇನ್ನೊಂದು ಆ್ಯಪ್ ಇದೆ. ಅದರಲ್ಲಿ ಸೌಲಭ್ಯ ಬಹಳ, ಕಲಿಯಲು ತಾಳ್ಮೆಯೂ ಬಹಳ ಬೇಕು.

ಊರು ಮತ್ತು ಸುತ್ತಲಿನ ಹಳ್ಳಿಗಳೆಲ್ಲ ಸೇರಿದ ಇಡೀ ಪ್ರದೇಶವನ್ನು ಒಟ್ಟಿಗೆ ನೋಡಬೇಕಾದಾಗ ಕಂಪ್ಯೂಟರಿನಲ್ಲಿ ಓವರ್‌ಪಾಸ್ ಟರ್ಬೊ ಎಂಬ ತಾಣವನ್ನು ತೆರೆಯುತ್ತೇನೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಬೇಕಾದ ಪ್ರದೇಶ ಪರದೆಯ ಮೇಲೆ ಕಾಣುವಂತೆ ನಕ್ಷೆಯನ್ನು ಎಳೆದುಕೊಳ್ಳಬೇಕು, ವಿಝಾರ್ಡ್ ಎಂಬ ಗುಂಡಿ ಒತ್ತಿ ಇಂಗ್ಲಿಷ್‌ನಲ್ಲಿ ಪ್ಲೇಗ್ರೌಂಡ್ ಎಂದು ಬರೆಯಬೇಕು, ಓಡಿಸಬೇಕು. ಆ ಚೌಕಟ್ಟಿನೊಳಗೆ ದಾಖಲಾಗಿರುವ ಆಟದ ಜಾಗಗಳೆಲ್ಲ ಬಣ್ಣದ ಗುರುತುಗಳಾಗಿ ಮೂಡುತ್ತವೆ. ಒಂದೊಂದನ್ನು ಒತ್ತಿದರೆ ಅದರ ಬಗ್ಗೆ ಏನೆಲ್ಲ ಬರೆದಿದ್ದಾರೆ ಎಂಬುದು ಹಾಗೆಯೇ ಕಾಣುತ್ತದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದೂರದ ಪಕ್ಕದ ಊರಿನಲ್ಲಿ ಮರಳಿನ ಗುಂಡಿ ಇದೆ ಎಂಬುದು ಇಲ್ಲಿಯೇ ತಿಳಿಯುತ್ತದೆ, ಬಂಧುಗಳ ಮನೆಗೆ ಆ ಕಡೆ ಹೊರಟಾಗ ದಾರಿಯಲ್ಲಿ ಇಳಿದು ಆಡಿಸಿಕೊಂಡು ಹೋಗಬಹುದು.

ಇನ್ನು ಕೊರತೆಗಳು. ಈ ನಕ್ಷೆ ಜನ ತುಂಬಿಸಿದಷ್ಟೇ ತುಂಬುತ್ತದೆ. ಉತ್ಸಾಹಿಗಳಿರುವ ನಗರಗಳಲ್ಲಿ ಒಂದೊಂದು ಮರವೂ ದಾಖಲಾಗಿರುತ್ತದೆ. ಅಂಥವರು ಹಾಯದ ಊರುಗಳಲ್ಲಿ ಮುಖ್ಯರಸ್ತೆ, ಶಾಲೆ, ಆಸ್ಪತ್ರೆ ಇರುತ್ತವೆ, ಉಳಿದದ್ದು ಖಾಲಿ. ಹೀಗಾಗಿ ಹುಡುಕಿದಾಗ ಏನೂ ಬರಲಿಲ್ಲ ಎಂದರೆ ಅಲ್ಲಿ ಆಟದ ಜಾಗವಿಲ್ಲ ಎಂದು ತಿಳಿಯಬಾರದು, ಅದನ್ನು ಯಾರೂ ಇನ್ನೂ ಬರೆದಿಲ್ಲ ಎಂದಷ್ಟೇ ತಿಳಿಯಬೇಕು. ಶುಲ್ಕದ ಸಾಲು ಅನೇಕ ಕಡೆ ಖಾಲಿ ಬಿದ್ದಿರುತ್ತದೆ. ಇದರಲ್ಲಿ ಬಳಕೆದಾರರ ಅಭಿಪ್ರಾಯಗಳಿಲ್ಲ, ನಕ್ಷತ್ರಗಳಿಲ್ಲ, ಜಾಗ ಗುಡಿಸಿದ್ದಾರೋ ಇಲ್ಲವೋ ಎಂದು ಹೇಳುವವರಿಲ್ಲ. ಫೋಟೊ ನೋಡಿ ತೀರ್ಮಾನಿಸಿಯೇ ಮನೆಯಿಂದ ಹೊರಡುವ ಅಭ್ಯಾಸವಿರುವವರಿಗೆ ಇದು ಬರಿದು ಎನಿಸುವುದು ಸಹಜ.

ಖಾಲಿ ನಕ್ಷೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಸಣ್ಣ ಊರಿನಲ್ಲಿ ಆಟದ ಜಾಗಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಸಾರ್ವಜನಿಕ ಭೂಮಿ ಇರುವ ಕಡೆ ಹುಟ್ಟುತ್ತವೆ. ನೀರಿನ ಟ್ಯಾಂಕು, ಗ್ರಂಥಾಲಯ, ಊರಿನ ಆಡಳಿತ ಕಚೇರಿ, ಕ್ರೀಡಾಂಗಣ, ಕೆರೆ ಅಥವಾ ನದಿಯ ದಂಡೆ, ಬಡಾವಣೆ ಮಾಡುವಾಗ ನಿಯಮದಂತೆ ಬಿಟ್ಟ ಬಯಲು: ಇವುಗಳ ಸುತ್ತ ಉಪಗ್ರಹ ಚಿತ್ರದಲ್ಲಿ ಕಣ್ಣಾಡಿಸಿದರೆ ಸುಳಿವು ಸಿಗುತ್ತದೆ. ಮನೆಗಳ ನಡುವೆ ಕಟ್ಟಡವಿಲ್ಲದ ಚೌಕ, ಅದರೊಳಗೆ ಉದ್ದ ನೆರಳು ಬೀಳಿಸುವ ತೆಳ್ಳನೆಯ ಗೆರೆಗಳು, ಕೆಂಪು ನೀಲಿ ಚುಕ್ಕೆಗಳು ಕಂಡರೆ ಬಹುಮಟ್ಟಿಗೆ ಅದು ಆಟದ ಸಾಮಾನು. ಚಿತ್ರ ಎಷ್ಟು ಹಳೆಯದು ಎಂಬುದು ಬೇರೆ ಬೇರೆ ಕಡೆ ಬೇರೆ ಬೇರೆ, ಆದ್ದರಿಂದ ಹೋಗಿ ನೋಡುವುದು ತಪ್ಪದು. ಊರಿನ ಆಡಳಿತ ಕಚೇರಿಗೆ ಹೋಗಿ ನೀವು ನೋಡಿಕೊಳ್ಳುವ ಉದ್ಯಾನಗಳು ಯಾವುವು ಎಂದು ಕೇಳುವುದೂ ಒಳ್ಳೆಯ ದಾರಿ. ಗುಡಿಸುವವರು, ನೀರು ಹಾಕುವವರು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲರು. ಶಾಲೆಯ ಮೈದಾನ ಸಂಜೆ ಎಲ್ಲರಿಗೂ ತೆರೆದಿರುತ್ತದೆಯೇ ಎಂಬುದನ್ನು ಮಾತ್ರ ಶಾಲೆಯವರನ್ನೇ ಕೇಳಬೇಕು, ಗೇಟು ತೆರೆದಿದೆ ಎಂದು ನುಗ್ಗುವುದು ಸರಿಯಲ್ಲ.

ಹೀಗೆ ಕಂಡುಕೊಂಡದ್ದನ್ನು ನಕ್ಷೆಗೆ ಸೇರಿಸುವುದೇ ಈ ಸೇವೆಯ ಅತ್ಯುತ್ತಮ ಭಾಗ. ಉಚಿತ ಖಾತೆ ತೆರೆದು ಬ್ರೌಸರಿನಲ್ಲೇ ತಿದ್ದಬಹುದು. ಆರ್ಗ್ಯಾನಿಕ್ ಮ್ಯಾಪ್ಸ್‌ನಿಂದಲೂ ಸೇರಿಸಬಹುದು. ಆಂಡ್ರಾಯ್ಡ್ ಫೋನಿನವರಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಇದೆ. ಅದು ನಾವು ನಿಂತಿರುವ ಜಾಗದ ಸುತ್ತ ಯಾವ ಮಾಹಿತಿ ಕಾಣೆಯಾಗಿದೆಯೋ ಅದನ್ನು ಪ್ರಶ್ನೆಯಾಗಿ ಕೇಳುತ್ತದೆ. ಈ ಬೆಂಚಿಗೆ ಒರಗುವ ಹಲಗೆ ಇದೆಯೇ? ಈ ಆಟದ ಜಾಗಕ್ಕೆ ಎಲ್ಲರೂ ಹೋಗಬಹುದೇ? ಇಂಥ ಸರಳ ಪ್ರಶ್ನೆಗಳು. ನಮ್ಮ ಮಗಳಿಗೆ ಇದೊಂದು ಆಟವೇ ಆಗಿದೆ. ಬೆಂಚಿನ ಮುಂದೆ ನಿಂತು, ಅಜ್ಜಿಯನ್ನು ಕೂರಿಸಿ, ಬೆನ್ನಿಗೆ ಆಸರೆ ಸಿಗುತ್ತದೆಯೇ ಎಂದು ಕೇಳಿ, ಆಮೇಲೆ ಹೌದು ಎಂದು ಒತ್ತುತ್ತಾಳೆ. ಗೇಟಿನ ಫಲಕದಲ್ಲಿ ಮಾಸಿದ ಅಕ್ಷರಗಳಲ್ಲಿ ಬರೆದ ಸಮಯವನ್ನು ಒಂದೊಂದಾಗಿ ಓದಿ ನನಗೆ ಹೇಳುತ್ತಾಳೆ. ಬೆಳಗಿನ ಹೊತ್ತು ಇಷ್ಟು, ಸಂಜೆ ಇಷ್ಟು, ನಡುವೆ ಬೀಗ. ಈ ನಡುವಿನ ಬೀಗದ ಮಾಹಿತಿ ನಕ್ಷೆಯಲ್ಲಿದ್ದರೆ ಮಧ್ಯಾಹ್ನ ಮಕ್ಕಳನ್ನು ಕಟ್ಟಿಕೊಂಡು ಬರುವ ಇನ್ನೊಂದು ಕುಟುಂಬಕ್ಕೆ ಒಂದು ನಿರಾಸೆ ತಪ್ಪುತ್ತದೆ.

ಸೇರಿಸುವವರು ಒಂದು ನಿಯಮವನ್ನು ಮರೆಯಬಾರದು. ಬೇರೆ ವಾಣಿಜ್ಯ ನಕ್ಷೆಗಳಿಂದ ನೋಡಿಕೊಂಡು ನಕಲು ಮಾಡುವಂತಿಲ್ಲ, ಅವುಗಳಿಗೆ ಹಕ್ಕುಸ್ವಾಮ್ಯವಿದೆ. ಕಣ್ಣಾರೆ ಕಂಡದ್ದನ್ನು, ಅಥವಾ ತಿದ್ದುವ ಪುಟದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನವರೇ ಅನುಮತಿ ಪಡೆದು ಒದಗಿಸಿರುವ ಉಪಗ್ರಹ ಚಿತ್ರದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. ತಿದ್ದುವುದು ಬೇಡ ಎನ್ನುವವರು ನಕ್ಷೆಯ ಮೇಲೆ ಒಂದು ಟಿಪ್ಪಣಿ ಬಿಟ್ಟು ಹೋಗಬಹುದು. ಜಾರುಬಂಡೆ ಕಿತ್ತಿದ್ದಾರೆ, ಗೇಟು ಈಗ ಹಿಂಬದಿಗೆ ಬಂದಿದೆ ಎಂದಷ್ಟು ಬರೆದರೆ ಇನ್ನೊಬ್ಬ ಸ್ವಯಂಸೇವಕರು ನೋಡಿ ಸರಿಪಡಿಸುತ್ತಾರೆ.

ನಕ್ಷೆ ಹೇಳಲಾರದ್ದನ್ನು ಅಲ್ಲಿ ಹೋಗಿ ನಾವೇ ನೋಡಬೇಕು. ನಾನು ಮೊದಲು ನೋಡುವುದು ಉಯ್ಯಾಲೆಯನ್ನಲ್ಲ, ಅದರ ಕೆಳಗಿನ ನೆಲವನ್ನು. ಮಕ್ಕಳು ಬೀಳುವುದು ಖಚಿತ. ಯಾವುದರ ಮೇಲೆ ಬೀಳುತ್ತಾರೆ ಎಂಬುದೇ ಮುಖ್ಯ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಾರ್ವಜನಿಕ ಆಟದ ಜಾಗಗಳಿಗಾಗಿ ಪ್ರಕಟಿಸಿರುವ ಕೈಪಿಡಿ ಕಾಂಕ್ರೀಟು, ಡಾಂಬರುಗಳನ್ನಷ್ಟೇ ಅಲ್ಲ, ಗಟ್ಟಿಯಾದ ಮಣ್ಣನ್ನೂ ಹುಲ್ಲನ್ನೂ ಆಟದ ಸಾಮಾನಿನ ಕೆಳಗೆ ಸಾಲದು ಎನ್ನುತ್ತದೆ. ತುಳಿದು ತುಳಿದು ಹುಲ್ಲು ಹೋಗುತ್ತದೆ, ಮಣ್ಣು ಕಲ್ಲಾಗುತ್ತದೆ. ಅದು ಹೇಳುವ ಪ್ರಕಾರ 9 ಅಂಗುಲ ಆಳದ ಮರಳು 4 ಅಡಿ ಎತ್ತರದಿಂದ ಬಿದ್ದವರನ್ನು ಕಾಪಾಡುತ್ತದೆ. ಅಷ್ಟೇ ಆಳದ ಮರದ ಚೂರುಗಳಾದರೆ 10 ಅಡಿಯವರೆಗೂ ಸಾಕು. ಯುರೋಪಿನ ಇಎನ್ 1176 ಎಂಬ ಮಾನದಂಡ ಬೀಳುವ ಎತ್ತರವೇ 3 ಮೀಟರಿಗಿಂತ ಹೆಚ್ಚಿರಬಾರದು ಎನ್ನುತ್ತದೆ. ಸಣ್ಣ ಊರಿನ ಆಟದ ಜಾಗಗಳನ್ನು ಈ ಅಳತೆಯಿಂದ ಅಳೆದು ತಿರಸ್ಕರಿಸಿ ಎಂದು ನಾನು ಹೇಳುತ್ತಿಲ್ಲ. ಕೆಳಗೆ ಗಟ್ಟಿ ನೆಲವಿದ್ದರೆ ಮೂರು ವರ್ಷದವನನ್ನು ಎತ್ತರದ ಕಂಬಿ ಹತ್ತಲು ಬಿಡಬೇಡಿ, ತಗ್ಗಿನ ಉಯ್ಯಾಲೆಯಲ್ಲಿ ಆಡಿಸಿ.

ಮರಳು ಇದೆ ಎಂದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. ಉಯ್ಯಾಲೆಯ ಕೆಳಗೆ ಮಕ್ಕಳು ಕಾಲಿನಿಂದ ಒದ್ದು ಒದ್ದು ಮರಳೆಲ್ಲ ಎರಡೂ ಬದಿಗೆ ಸರಿದು ನಡುವೆ ದೋಣಿಯಾಕಾರದ ಹಳ್ಳ ಬಿದ್ದಿರುತ್ತದೆ. ಅದರ ತಳದಲ್ಲಿ ಗಟ್ಟಿ ನೆಲ ಕಾಣುತ್ತಿರುತ್ತದೆ, ಮಳೆ ಬಂದಿದ್ದರೆ ನೀರು ನಿಂತಿರುತ್ತದೆ. ಹೆಚ್ಚು ಬೀಳುವ ಜಾಗದಲ್ಲೇ ರಕ್ಷಣೆ ಕಡಿಮೆ. ಚಪ್ಪಲಿಯ ಅಂಚಿನಿಂದ ಬದಿಯ ಮರಳನ್ನು ನಡುವಿಗೆ ಎಳೆದು ತುಂಬಿದರೆ ಐದು ನಿಮಿಷದ ಕೆಲಸ. ಆಮೇಲೆ ಸರಪಳಿಯನ್ನು ನೋಡಿ. ಮೇಲಿನ ಕೊಕ್ಕೆ ಸಿಕ್ಕಿಸಿದ ಕಡೆ ಕಬ್ಬಿಣ ಸವೆದು ತೆಳ್ಳಗಾಗಿದ್ದರೆ ಆ ಉಯ್ಯಾಲೆ ಬೇಡ.

ಕಂಬಿಗಳ ನಡುವಿನ ಸಂದು ಇನ್ನೊಂದು. ಅದೇ ಕೈಪಿಡಿ ಮೂರೂವರೆ ಅಂಗುಲಕ್ಕಿಂತ ಹೆಚ್ಚು, 9 ಅಂಗುಲಕ್ಕಿಂತ ಕಡಿಮೆ ಇರುವ ಸಂದು ಅಪಾಯಕಾರಿ ಎನ್ನುತ್ತದೆ. ಕಾರಣ ಇಷ್ಟೇ: ಪುಟ್ಟ ಮಗುವಿನ ಮೈ ಕಾಲಿನ ಕಡೆಯಿಂದ ಅದರೊಳಗೆ ಜಾರಿಹೋಗುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಯ ದಾರ, ಟೋಪಿಯ ಲಾಡಿ ಇರುವ ಅಂಗಿಗಳನ್ನು ಆಟಕ್ಕೆ ಹಾಕದಿರುವುದು ಒಳಿತು.

ಜಾರುಬಂಡೆಯ ವಿಷಯದಲ್ಲಿ ಎರಡು ಮಾತು. ಬಿಸಿಲಿಗೆ ಮುಖ ಮಾಡಿದ ತಗಡಿನ ಜಾರುಬಂಡೆ ಎಳೆಯ ಚರ್ಮವನ್ನು ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕು, ರಬ್ಬರು ನೆಲಹಾಸು ಕೂಡ ಕಾಯುತ್ತವೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಅಂಗೈಯ ಹಿಂಭಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ತಡೆದುಕೊಳ್ಳಲಾಗದಿದ್ದರೆ ಮಗುವನ್ನು ಕೂರಿಸಬೇಡಿ. ಇನ್ನೊಂದು, ಪ್ರೀತಿಯಿಂದ ಮಾಡುವ ಕೆಲಸವೇ ಆದರೂ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಜಾರಬೇಡಿ. ಮಗುವಿನ ಬೂಟಿನ ರಬ್ಬರು ಅಟ್ಟೆ ಬದಿಗೆ ಕಚ್ಚಿಕೊಂಡರೆ ಕಾಲು ಅಲ್ಲೇ ನಿಲ್ಲುತ್ತದೆ, ದೊಡ್ಡವರ ಭಾರ ಮಗುವಿನ ಮೈಯನ್ನು ಮುಂದಕ್ಕೆ ಒಯ್ಯುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತದೆ. ಮಗು ಒಂಟಿಯಾಗಿ ಜಾರಿದಾಗ ಆ ಭಾರವಿರುವುದಿಲ್ಲ. ಒಂಟಿಯಾಗಿ ಜಾರುವಷ್ಟು ಬೆಳೆಯದ ಮಗುವಿಗೆ ಅದಕ್ಕಿಂತ ತಗ್ಗಿನ ಜಾರುಬಂಡೆ ಬೇಕು.

ನೆರಳಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಒಂದು ಆಟದ ಜಾಗಕ್ಕೆ ಕುಟುಂಬ ಮತ್ತೆ ಮತ್ತೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಆಟದ ಸಾಮಾನಿಗಿಂತ ಹೆಚ್ಚಾಗಿ ನಿರ್ಧರಿಸುವುದು ನೆರಳು ಮತ್ತು ಬೆಂಚು. ಎಂಟು ಸಾಮಾನುಗಳಿರುವ ಬೋಳು ಬಯಲಿನಲ್ಲಿ ನಾವು ಸ್ವಲ್ಪ ಹೊತ್ತೂ ನಿಲ್ಲಲಾಗದೆ ಹೊರಟಿದ್ದೇವೆ. ಎರಡೇ ಉಯ್ಯಾಲೆ, ಒಂದು ದೊಡ್ಡ ಮರ, ಮರದ ಬುಡಕ್ಕೆ ಕಟ್ಟೆ ಇರುವ ಜಾಗದಲ್ಲಿ ಕತ್ತಲಾಗುವವರೆಗೂ ಕುಳಿತಿದ್ದೇವೆ. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಮಗನನ್ನು ನೋಡುತ್ತಾ ಕೂರುತ್ತಾರೆ, ನಾನು ಮಗಳ ಜೊತೆ ಇರಬಹುದು. ದೊಡ್ಡವರೊಬ್ಬರಿಗೆ ಕೂರಲು ಜಾಗವಿದ್ದರೆ ಇಬ್ಬರು ಮಕ್ಕಳ ಮೇಲೆ ಎರಡು ಜೊತೆ ಕಣ್ಣು ಇರುತ್ತದೆ. ಮರಗಳನ್ನು, ಬೆಂಚುಗಳನ್ನು ಗುರುತಿಸಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅವಕಾಶ ಇದ್ದೇ ಇದೆ, ತುಂಬಿಸುವವರು ಮಾತ್ರ ಕಡಿಮೆ. ಆಟದ ಜಾಗ ಸೇರಿಸುವಾಗ ಅಲ್ಲಿನ ಮರವನ್ನೂ ಒಂದು ಚುಕ್ಕೆಯಾಗಿ ಇಟ್ಟುಬಿಡಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಗಾಲಿಕುರ್ಚಿಯ ಸಾಲನ್ನೂ ಬಿಡಬೇಡಿ. ಪೂರ್ತಿ ಹೋಗಬಹುದು, ಸ್ವಲ್ಪ ಮಟ್ಟಿಗೆ ಹೋಗಬಹುದು, ಆಗುವುದಿಲ್ಲ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಮುಗಿಯಿತು. ಗೇಟಿನಲ್ಲಿ ದ್ವಿಚಕ್ರ ವಾಹನ ತಡೆಯಲು ನೆಟ್ಟ ಕಂಬಗಳು ಎಷ್ಟೋ ಕಡೆ ಗಾಲಿಕುರ್ಚಿಯನ್ನೂ ಮಗುವಿನ ತಳ್ಳುಗಾಡಿಯನ್ನೂ ಸೇರಿಸಿ ತಡೆಯುತ್ತವೆ. ನಡೆಯಲಾರದ ಮಗುವನ್ನು ಇಟ್ಟುಕೊಂಡವರು ಹೊರಡುವ ಮುನ್ನವೇ ಇದನ್ನು ತಿಳಿದುಕೊಳ್ಳುವಂತಿರಬೇಕು. ಆಡುವ ಹಕ್ಕನ್ನು ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆ ತನ್ನ 31ನೇ ವಿಧಿಯಲ್ಲಿ ಎಲ್ಲ ಮಕ್ಕಳಿಗೂ ಕೊಟ್ಟಿದೆ.

ನಕ್ಷೆಯಲ್ಲಿ ಕಾಣುವ ಗುರುತು ತೀರಾ ಚಿಕ್ಕದಾಗಿದೆ ಎಂದು ಬಿಟ್ಟುಬಿಡುವವರಿಗೆ ಒಂದು ಸಂಗತಿ ಹೇಳಬೇಕು. ಎರಡನೇ ಮಹಾಯುದ್ಧದ ನಂತರ ಆಮ್‌ಸ್ಟರ್‌ಡ್ಯಾಮ್ ನಗರಕ್ಕಾಗಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಲ್ಲಿ ಮೊದಲ ಆಟದ ಜಾಗವನ್ನು ರೂಪಿಸಿದರು. ಮುಂದಿನ ಮೂರು ದಶಕಗಳಲ್ಲಿ ಅಂಥವು ನೂರಾರು ಆದವು. ಮನೆಗಳ ನಡುವೆ ಖಾಲಿ ಉಳಿದ ನಿವೇಶನ, ಬೀದಿ ಅಗಲವಾದ ಒಂದು ಮೂಲೆ, ಇಷ್ಟೇ ಜಾಗ. ಮರಳಿನ ಗುಂಡಿ, ನೆಗೆಯಲು ಕೆಲವು ದುಂಡನೆಯ ದಿಮ್ಮಿಗಳು, ಹತ್ತಲು ಬಾಗಿದ ಕಬ್ಬಿಣದ ಕೊಳವೆಗಳು, ದೊಡ್ಡವರಿಗೆ ಬೆಂಚು. ಮಕ್ಕಳು ತಾವೇ ಆಟ ಕಟ್ಟಿಕೊಳ್ಳಲಿ ಎಂಬುದು ಅವರ ಉದ್ದೇಶ. ನಮ್ಮ ಮಗ ದೊಡ್ಡ ಹಡಗಿನಾಕಾರದ ಸಾಮಾನಿನ ಮುಂದೆ ಬೆದರಿ ನಿಲ್ಲುತ್ತಾನೆ. ನಾಲ್ಕು ಸಿಮೆಂಟಿನ ದಿಮ್ಮಿಗಳಿರುವ ಒಂದು ಮೂಲೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ, ನಡುವಿನ ನೆಲಕ್ಕೆ ತನಗೆ ತೋಚಿದ ಹೊಳೆಯನ್ನು ಹರಿಸುತ್ತಾ, ಅಕ್ಕನನ್ನು ಮೊಸಳೆ ಮಾಡಿ ಆಡುತ್ತಾನೆ. ದೂರ ಕಡಿಮೆಯಿದ್ದರೆ ಚಿಕ್ಕ ಗುರುತಿಗೂ ಒಮ್ಮೆ ಹೋಗಿ ನೋಡಿ.

ಈಗ ಯಾರಿಗೆ ಯಾವುದು ಎಂಬುದನ್ನು ಹೇಳುತ್ತೇನೆ. ಒಂದು ದಿನದ ಮಟ್ಟಿಗೆ ಎಲ್ಲಿಗೋ ಹೋಗಿ ಬರುವವರಿಗೆ, ಅಲ್ಲಿ ಎಲ್ಲ ಸೌಕರ್ಯ ಇದ್ದೇ ಇರಬೇಕು ಎನ್ನುವವರಿಗೆ ಈ ನಕ್ಷೆ ಒಂದೇ ಸಾಲದು. ಹೊಸದಾಗಿ ಊರಿಗೆ ಬಂದವರಿಗೆ, ಮಕ್ಕಳನ್ನು ವಾರವಿಡೀ ಆಡಿಸಬೇಕಾದವರಿಗೆ, ಪ್ರತಿ ಸಂಜೆಯೂ ದುಡ್ಡು ಕೊಟ್ಟು ಆಡಿಸುವುದು ಆಗದ ಮನೆಗಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಹುಡುಕುವುದಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಏಕೆಂದರೆ ಸಣ್ಣ ಊರುಗಳಲ್ಲಿ ಖಾಲಿ ಜಾಗ ಇನ್ನೂ ಬಹಳ. ಸೇರಿಸುವ ಅನುಕೂಲಕ್ಕೆ, ವಿಂಗಡಣೆಯ ಸೂಕ್ಷ್ಮಕ್ಕೆ, ಪುಕ್ಕಟೆಯಾಗಿರುವುದಕ್ಕೆ, ಜಾಹೀರಾತಿನ ಕಾಟವಿಲ್ಲದಿರುವುದಕ್ಕೆ ಐದಕ್ಕೆ ಐದು.

ಆರಂಭಿಸುವವರು ಮೊದಲು ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡು ಮನೆಯಲ್ಲೇ ನಿಮ್ಮ ಪ್ರದೇಶದ ನಕ್ಷೆಯನ್ನು ಇಳಿಸಿಕೊಳ್ಳಿ. ಇಳಿಸಿಕೊಂಡ ನಕ್ಷೆ ತಾನಾಗಿ ಹೊಸದಾಗುವುದಿಲ್ಲ, ಆಗಾಗ ನವೀಕರಿಸಬೇಕು. ನೀವು ಸೇರಿಸಿದ ಜಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಾಣದಲ್ಲಿ ಬೇಗ ಕಾಣುತ್ತದೆ, ಆ್ಯಪ್‌ನಲ್ಲಿ ಮುಂದಿನ ನವೀಕರಣದವರೆಗೂ ಕಾಣದಿರಬಹುದು. ಕಾಣಲಿಲ್ಲ ಎಂದು ಅದೇ ಜಾಗವನ್ನು ಎರಡನೆಯ ಸಲ ಸೇರಿಸಬೇಡಿ.